ಬಚ್ಚಲ ಹಂಡೆಗೆ ಯಾವ ಉರುವಲು?

ಶೀತದೇಶಗಳಲ್ಲಿ ಮನೆಯ ಉರುವಲನ್ನು ಆರಿಸುವುದೆಂದರೆ ಕೋಣೆಗಳನ್ನು ಬೆಚ್ಚಗಿಡುವ ಉಪಾಯವನ್ನು ಆರಿಸುವುದು. ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಹುಲಗೂರಿನಂಥ ಊರಿನಲ್ಲಿ ಕೋಣೆಗೆ ಬೆಂಕಿ ಬೇಕಾಗಿಲ್ಲ. ಬೇಕಾದದ್ದು ಅಡುಗೆಯ ಒಲೆಗೆ ಮತ್ತು ಬಚ್ಚಲ ಹಂಡೆಗೆ. ನಗರದ ಕೆಲವು ಬಡಾವಣೆಗಳಲ್ಲಿ ಅನಿಲವು ನೀರಿನಂತೆ ಕೊಳವೆಯಲ್ಲಿ ಹರಿದು ಮನೆಗೆ ಬರುತ್ತದೆ. ಆ ಸೌಕರ್ಯವಿಲ್ಲದ ಹಳ್ಳಿಯ ಗೃಹಸ್ಥನ ಮುಂದೆ ಹತ್ತಿಕಟ್ಟಿಗೆ, ಗೋವಿನಜೋಳದ ಬೆಂಡು, ಜಾಲಿಯ ಕೊರಡು, ಕುಳ್ಳು, ಸಿಲಿಂಡರಿನ ಅನಿಲ, ಗೋಬರ್ ಅನಿಲ, ವಿದ್ಯುತ್ತು, ಬಿಸಿಲು ಇಷ್ಟೂ ಇವೆ. ಹೊಲದಲ್ಲಿ ಪುಕ್ಕಟೆ ಸಿಗುವುದೇ ಮೇಲೆಂದು ಯಾರೂ ಹೇಳಿಯಾರು. ಆದರೆ ಉರುವಲಿನಲ್ಲಿ ಅಡಗಿರುವ ಶಾಖದಲ್ಲಿ ನೀರಿಗೆ ಮುಟ್ಟುವ ಪಾಲೆಷ್ಟೆಂದು ಕೇಳಿದೊಡನೆ ಲೆಕ್ಕವೇ ಬೇರೆಯಾಗುತ್ತದೆ.

ಹಂಡೆಯಲ್ಲಿ ೫೦ ಲೀಟರು ನೀರಿದೆಯೆನ್ನೋಣ. ಅದನ್ನು ೨೦ ಡಿಗ್ರಿಯಿಂದ ೬೦ ಡಿಗ್ರಿಗೆ ಏರಿಸಿ, ಆಮೇಲೆ ತಣ್ಣೀರು ಬೆರೆಸಿಕೊಂಡರೆ ನಾಲ್ಕೈದು ಮಂದಿಯ ಸ್ನಾನವಾಗುತ್ತದೆ. ಈಗಿನ ಪಠ್ಯಪುಸ್ತಕಗಳು ಶಾಖವನ್ನು ಜೂಲುಗಳಲ್ಲಿ ಅಳೆಯುತ್ತವೆ. ಹಂಡೆಯ ಲೆಕ್ಕಕ್ಕೆ ಹಳೆಯ ಕಿಲೋಕ್ಯಾಲೊರಿಯೇ ಅನುಕೂಲ. ಒಂದು ಲೀಟರು ನೀರಿಗೆ ಒಂದು ಡಿಗ್ರಿ ಏರಲು ಒಂದು ಕಿಲೋಕ್ಯಾಲೊರಿ ಬೇಕು. ಆದ್ದರಿಂದ ನಮ್ಮ ಹಂಡೆಗೆ ಬೇಕಾದದ್ದು ೨೦೦೦ ಕಿಲೋಕ್ಯಾಲೊರಿ. ಒಣಗಿದ ಕಟ್ಟಿಗೆ ಕಿಲೋ ಒಂದಕ್ಕೆ ಸುಮಾರು ೩೫೦೦ ಕಿಲೋಕ್ಯಾಲೊರಿ ಕೊಡುತ್ತದೆ. ಹಾಗಿದ್ದರೆ ಅರ್ಧ ಕಿಲೋಗಿಂತ ತುಸು ಹೆಚ್ಚು ಕಟ್ಟಿಗೆ ಸಾಕಲ್ಲವೆ? ಬಚ್ಚಲೊಲೆಗೆ ಕಟ್ಟಿಗೆ ತುಂಬಿದವರಾರೂ ಇದನ್ನು ನಂಬಲಾರರು. ಹಳೆಯ ಮಾದರಿಯ ಒಲೆಯಲ್ಲಿ ಶಾಖದ ಏಳರಲ್ಲೊಂದು ಪಾಲು ನೀರಿಗೆ ಮುಟ್ಟಿದರೂ ಹೆಚ್ಚೇ. ಆ ಲೆಕ್ಕದಲ್ಲಿ ೪ ಕಿಲೋ ಕಟ್ಟಿಗೆ ಉರಿಯಬೇಕು.

ಉಳಿದ ಶಾಖ ಎಲ್ಲಿ ಹೋಯಿತು? ಕಟ್ಟಿಗೆ ಕಾದಾಗ ಅದರ ತೂಕದ ಮುಕ್ಕಾಲು ಭಾಗದಷ್ಟು ಅನಿಲಗಳಾಗಿ ಹೊರಬರುತ್ತದೆ. ನಾವು ಜ್ವಾಲೆಯೆಂದು ಕಾಣುವುದು ಈ ಅನಿಲಗಳ ಉರಿಯನ್ನು. ಸಾಕಷ್ಟು ಗಾಳಿಯೂ ಸಾಕಷ್ಟು ತಾಪವೂ ದೊರೆಯದಿದ್ದರೆ ಅವು ಉರಿಯದೆ ಹೊಗೆಯಾಗಿ ಹೋಗುತ್ತವೆ. ಹಸಿ ಕಟ್ಟಿಗೆಯಲ್ಲಿ ಆಗುವುದು ಇದೇ. ಆಗತಾನೆ ಕಡಿದ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರಿರುತ್ತದೆ. ಅದನ್ನು ಕುದಿಸಿ ಆವಿಯಾಗಿಸಲು, ಗುಪ್ತೋಷ್ಣವೂ ಸೇರಿ, ಕಿಲೋ ಕಟ್ಟಿಗೆಗೆ ೩೧೦ ಕಿಲೋಕ್ಯಾಲೊರಿ ಖರ್ಚಾಗುತ್ತದೆ. ಇದು ಅದರ ಒಟ್ಟು ಶಾಖದ ಏಳನೆಯ ಒಂದು ಭಾಗ ಮಾತ್ರ. ನಿಜವಾದ ನಷ್ಟವೆಂದರೆ, ಆ ಆವಿ ಒಲೆಯನ್ನು ತಣಿಸಿ ಅನಿಲಗಳು ಉರಿಯದಂತೆ ಮಾಡುವುದು. ಊದುಗೊಳವಿ ಹಿಡಿದವರ ಕಣ್ಣಲ್ಲಿ ನೀರು ತರಿಸುವ ಹೊಗೆ ಉರಿಯದೆ ಹೋದ ಉರುವಲೇ ಆಗಿದೆ. ಅದು ಕಣ್ಣನ್ನಷ್ಟೇ ಕಾಡುವುದಿಲ್ಲ. ಮನೆಯೊಳಗಿನ ಇಂಥ ಹೊಗೆಯಿಂದ ೨೦೨೦ರಲ್ಲಿ ಜಗತ್ತಿನಲ್ಲಿ ಸುಮಾರು ೩೨ ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ಒಲೆಯನ್ನು ಈ ದೃಷ್ಟಿಯಿಂದಲೇ ತಿದ್ದಿದರು. ಅಸ್ತ್ರ ಒಲೆಯಲ್ಲಿ ಕಟ್ಟಿಗೆ ಜಾಲರಿಯ ಮೇಲೆ ಉರಿಯುತ್ತದೆ. ಗಾಳಿ ಕೆಳಗಿನಿಂದ ಬರುತ್ತದೆ. ಪಾತ್ರೆಯ ತಳಕ್ಕೂ ಒಲೆಗೂ ನಡುವೆ ಸಂದಿಲ್ಲದಂತೆ ಕೂರಿಸುವುದರಿಂದ ಬಿಸಿ ಅನಿಲ ತಳವನ್ನು ಸವರಿಕೊಂಡೇ ಹೊಗೆಕೊಳವೆಗೆ ಹೋಗಬೇಕಾಗುತ್ತದೆ. ಪ್ರಯೋಗಶಾಲೆಯಲ್ಲಿ ಇಂಥ ಒಲೆ ಶಾಖದ ಶೇಕಡಾ ೪೦ರಷ್ಟನ್ನು ಪಾತ್ರೆಗೆ ಮುಟ್ಟಿಸಿತು. ಅಷ್ಟು ಸಾಧ್ಯವಾದರೆ ಹಂಡೆಗೆ ೪ ಕಿಲೋ ಬದಲು ಒಂದೂವರೆ ಕಿಲೋ ಕಟ್ಟಿಗೆ ಸಾಕು. ಜಾಲರಿಯ ಬೂದಿ ತೆಗೆಯದಿದ್ದರೆ ಮಾತ್ರ ಅದೂ ಹಳೆಯ ಒಲೆಯೇ.

ಸೆಗಣಿಯ ವಿಚಾರ ಇನ್ನೂ ಸ್ವಾರಸ್ಯವಾದುದು. ೧೮ ಕಿಲೋ ಹಸಿ ಸೆಗಣಿ ತಟ್ಟಿ ಒಣಗಿಸಿದರೆ ೪ ಕಿಲೋದಷ್ಟು ಕುಳ್ಳಾಗುತ್ತದೆ. ಅದರಲ್ಲಿ ಸುಮಾರು ೧೨,೦೦೦ ಕಿಲೋಕ್ಯಾಲೊರಿ ಇದೆ. ಆದರೆ ಒಲೆಯಲ್ಲಿ ಹತ್ತರಲ್ಲೊಂದು ಪಾಲು, ಎಂದರೆ ೧೨೦೦ ಮಾತ್ರ, ನೀರಿಗೆ ಸಿಕ್ಕೀತು. ಅದೇ ಸೆಗಣಿಯನ್ನು ಗೋಬರ್ ಅನಿಲದ ಗುಂಡಿಗೆ ಹಾಕಿದರೆ ಮುಕ್ಕಾಲು ಘನಮೀಟರಿಗೆ ಸಮೀಪ ಅನಿಲ ದೊರೆಯುತ್ತದೆ. ಅದರ ಒಟ್ಟು ಶಾಖ ೩೬೦೦ ಕಿಲೋಕ್ಯಾಲೊರಿ ಮಾತ್ರ, ಕುಳ್ಳಿನ ಮೂರನೆಯ ಒಂದು ಪಾಲು! ಆದರೂ ಅನಿಲದ ಒಲೆ ಅರ್ಧಕ್ಕಿಂತ ಹೆಚ್ಚನ್ನು ಪಾತ್ರೆಗೆ ಕೊಡುವುದರಿಂದ ೨೦೦೦ ಕಿಲೋಕ್ಯಾಲೊರಿ ನೀರಿಗೆ ಸೇರುತ್ತದೆ. ಹಂಡೆ ಕಾಯಿತು; ಮೇಲಾಗಿ ಬಗ್ಗಡ ಸಾರಜನಕವನ್ನು ಉಳಿಸಿಕೊಂಡು ಗೊಬ್ಬರವಾಗಿ ಹೊಲಕ್ಕೆ ಹೋಯಿತು. ನಾಲ್ಕೈದು ದನಗಳಿರುವ ಮನೆಯವರು ಕುಳ್ಳು ತಟ್ಟುವುದನ್ನು ನಾನಂತೂ ಒಪ್ಪಲಾರೆ. ದನಗಳಿಲ್ಲದವರಿಗೆ ಈ ಮಾತು ಹೇಳಿ ಪ್ರಯೋಜನವಿಲ್ಲ. ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಒಂದೇ ಸ್ಥಾವರ ಕಟ್ಟಿದಾಗಲೂ ಎಲ್ಲರ ಅಡುಗೆಗೆ ಅನಿಲ ಸಾಲಲಿಲ್ಲ. ೧೯೮೭ರಿಂದ ಅದನ್ನು ದೀಪಕ್ಕೂ ಕುಡಿಯುವ ನೀರೆತ್ತುವುದಕ್ಕೂ ಬಳಸಿದರು.

ಸಿಲಿಂಡರಿನ ಅನಿಲ ಕಿಲೋಗೆ ೧೧,೦೦೦ ಕಿಲೋಕ್ಯಾಲೊರಿಯಷ್ಟು ಶಾಖವುಳ್ಳದ್ದು. ನಮ್ಮ ಹಂಡೆಗೆ ೩೦೦ ಗ್ರಾಂ ಸಾಕು. ೧೪.೨ ಕಿಲೋ ಸಿಲಿಂಡರನ್ನು ಸ್ನಾನಕ್ಕೇ ಮೀಸಲಿಟ್ಟರೆ ೪೭ ದಿನ ಬರುತ್ತದೆ. ೨೦೧೬ರ ಉಜ್ವಲಾ ಯೋಜನೆಯ ನಂತರ ಬಡವರ ಮನೆಗಳಿಗೂ ಈ ಅನಿಲ ಬಂದಿತು. ಮತ್ತೆ ತುಂಬಿಸುವ ಹಣದ ಚಿಂತೆಯಿಂದ ಬಚ್ಚಲಿಗೆ ಕಟ್ಟಿಗೆಯೇ ಉಳಿಯುವುದು ಸಹಜ. ವಿದ್ಯುತ್ತಾದರೆ ಎರಡೂವರೆ ಯೂನಿಟ್ಟು. ಎರಡು ಚದರ ಮೀಟರಿನ ಸೌರಫಲಕ ಒಳ್ಳೆಯ ಬಿಸಿಲಿನಲ್ಲಿ ಇಷ್ಟನ್ನು ಸುಲಭವಾಗಿ ಕೊಡುತ್ತದೆ, ಆದರೆ ಮುಂಗಾರಿನ ಮೋಡದ ದಿನಗಳಲ್ಲಿ ಕೈಕೊಡುತ್ತದೆ. ಒಂದು ಎಚ್ಚರಿಕೆಯ ಮಾತು: ಅನಿಲದ ಗೀಜರನ್ನು ಕಿಟಕಿಯಿಲ್ಲದ ಬಚ್ಚಲೊಳಗೆ ಕೂರಿಸಬಾರದು. ಆಮ್ಲಜನಕ ಸಾಲದೆ ಹುಟ್ಟುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ; ಬಾಗಿಲು ಹಾಕಿಕೊಂಡು ಸ್ನಾನಕ್ಕಿಳಿದವರು ಅಪಾಯದ ಅರಿವಿಲ್ಲದೆಯೇ ಪ್ರಾಣ ಬಿಟ್ಟಿದ್ದಾರೆ.

ಎಲ್ಲ ಒಲೆಗಳೂ ಒಂದೇ ಅಲ್ಲವಾದ್ದರಿಂದ ನನ್ನ ಅಂಕಿಗಳನ್ನು ನೆಚ್ಚಿಕೊಳ್ಳದೆ ವಿದ್ಯಾರ್ಥಿಗಳು ತಮ್ಮ ಮನೆಯ ಒಲೆಯನ್ನೇ ಪರೀಕ್ಷಿಸಬಹುದು. ಹಂಡೆಗೆ ಅಳೆದು ೩೫ ಲೀಟರು ನೀರು ಹಾಕಿ ತಾಪವನ್ನು ಬರೆದಿಟ್ಟುಕೊಳ್ಳಿ. ತೂಗಿದ ಒಂದು ಕಿಲೋ ಒಣಕಟ್ಟಿಗೆಯನ್ನು ಸ್ವಲ್ಪಸ್ವಲ್ಪವಾಗಿ ಪೂರ್ತಿ ಉರಿಸಿ, ಕೆಂಡ ಆರುತ್ತ ಬಂದಾಗ ನೀರನ್ನು ಕಲಕಿ ಮತ್ತೆ ತಾಪ ನೋಡಿ. ಏರಿದ ಒಂದೊಂದು ಡಿಗ್ರಿಯೂ ನಿಮ್ಮ ಒಲೆಯ ದಕ್ಷತೆಯ ಶೇಕಡಾ ಒಂದೊಂದು ಅಂಶ.