ಮೂತ್ರಪಿಂಡದ ರೋಗಿಯೂ ಮಲೆನಾಡಿನ ಊಟವೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಮನೆಗಳಲ್ಲಿ ಮಳೆಗಾಲದ ಅನ್ನಕ್ಕೆ ಆಸರೆಯೆಂದರೆ ಭರಣಿಯ ಮಿಡಿ ಉಪ್ಪಿನಕಾಯಿ, ಹಲಸಿನ ಉಪ್ಪು ಸೊಳೆ, ಹಪ್ಪಳ, ಬಾಳಕದ ಮೆಣಸಿನಕಾಯಿ. ಮೂತ್ರಪಿಂಡ ಸೊರಗಿದವರಿಗೆ ಇವೇ ಹೊರೆ. ಉಪ್ಪು ರಕ್ತದೊತ್ತಡವನ್ನು ಏರಿಸುತ್ತದೆ. ಏರಿದ ಒತ್ತಡವು ಅಳಿದುಳಿದ ಸೋಸುವ ಶಕ್ತಿಯನ್ನೂ ಬೇಗ ಕುಂದಿಸುತ್ತದೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಾರು, ಪಲ್ಯ, ಉಪ್ಪಿನಕಾಯಿಗಳೆಲ್ಲವೂ ಆ ಲೆಕ್ಕದೊಳಗೇ ಬರಬೇಕು.

ಅಂಗಡಿಯ ‘ಕಡಿಮೆ ಸೋಡಿಯಂ’ ಉಪ್ಪನ್ನು ತಂದು ನಿಶ್ಚಿಂತರಾಗುವುದೂ ಸಲ್ಲದು. ಅದರಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಬೆರೆತಿರುತ್ತದೆ. ರೋಗ ಬಲಿತಾಗ ಅದು ರಕ್ತದಲ್ಲಿ ಶೇಖರವಾಗಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಪ್ರೀತಿಯಿಂದ ಕುಡಿಸುವ ಎಳನೀರಿಗೂ, ಬಾಳೆಹಣ್ಣಿಗೂ ಇದೇ ಮಾತು. ರಕ್ತಪರೀಕ್ಷೆ ನೋಡಿ ವೈದ್ಯರು ಹೇಳಿದಷ್ಟೇ ಕೊಡಬೇಕು. ಹಿತ್ತಲಿನ ಧಾರೆಹುಳಿಯನ್ನಂತೂ (ಕೆಲವರು ಕಮರದ್ರಾಕ್ಷಿ ಎನ್ನುತ್ತಾರೆ) ಇಂಥವರು ಮುಟ್ಟಲೇಬಾರದು. ಅದರ ವಿಷವನ್ನು ಹೊರಹಾಕಲಾಗದೆ ಬಿಡದ ಬಿಕ್ಕಳಿಕೆ, ಬುದ್ಧಿಭ್ರಮೆ, ಸೆಳವು ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು.

ಹೀಗೆಂದು ಬೇಳೆಕಾಳುಗಳನ್ನೆಲ್ಲ ತೊರೆದು ಬರಿಯ ಗಂಜಿಗಿಳಿಯುವುದನ್ನು ನಾವು ಒಪ್ಪುವುದಿಲ್ಲ. ಮೈಯ ಮಾಂಸವೇ ಕರಗುತ್ತದೆ. ಡಯಾಲಿಸಿಸ್ ಹಿಡಿಯದ, 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 48 ಗ್ರಾಂ ಪ್ರೋಟೀನು ಸಾಮಾನ್ಯ ಮಿತಿ. ಡಯಾಲಿಸಿಸ್ ಆರಂಭವಾದ ಮೇಲೆ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ.

ದಾಸೋಹದಲ್ಲಿ ಕುಳಿತಾಗ ಸಂಕಟ ಬೇರೆ. ಪ್ರಸಾದವನ್ನು ಎಲೆಯಲ್ಲಿ ಬಿಡಬಾರದೆಂಬ ನೇಮಕ್ಕಂಜಿ ರೋಗಿಗಳು ಬಡಿಸಿದ್ದನ್ನೆಲ್ಲ ಉಣ್ಣುವುದುಂಟು. ಬಡಿಸುವ ಮೊದಲೇ ಕೈ ಅಡ್ಡ ಹಿಡಿದರೆ ಪ್ರಸಾದಕ್ಕೆ ಅವಮಾನವಾಗದು. ಬಡಿಸುವವರೂ ಒತ್ತಾಯಿಸದೆ ಮುಂದಿನ ಎಲೆಗೆ ಸಾಗಲಿ.