ಕುಮಟಗಿಯ ಜಲಮಂದಿರ

ನೀರಿನ ನಡುವೆ ನಿಂತ ಅರಮನೆಯೆಂದೊಡನೆ ನಮ್ಮ ಮನಸ್ಸು ಉದಯಪುರದ ಪಿಚೋಲಾ ಸರೋವರಕ್ಕೋ ಜಯಪುರದ ಜಲಮಹಲಿಗೋ ಹಾರುವುದು. ಹುಬ್ಬಳ್ಳಿ-ಧಾರವಾಡದ ಕುಟುಂಬಗಳು ಅಷ್ಟು ದೂರ ಹೋಗಬೇಕಾದುದಿಲ್ಲ. ಗದಗ, ಬಾಗಲಕೋಟೆಗಳ ಮಾರ್ಗವಾಗಿ ರೈಲಿನಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆಯರನ್ನು ದಾಟಿ ವಿಜಯಪುರದಲ್ಲಿ ಇಳಿದು, ಸಿಂದಗಿಯ ದಾರಿ ಹಿಡಿದು ಸುಮಾರು 20 ಕಿಲೋಮೀಟರು ಸಾಗಿದರೆ ಕುಮಟಗಿ ಸಿಕ್ಕುತ್ತದೆ. ಗೋಳಗುಮ್ಮಟವನ್ನು ನೋಡಿ ಮರಳುವವರಲ್ಲಿ ಅನೇಕರು ಇತ್ತ ಸುಳಿಯುವುದೇ ಇಲ್ಲ.

ವಿಜಯಪುರದ ಬೇಸಗೆಯನ್ನು ಬಲ್ಲವರಿಗೆ ಇಂಥ ತಾಣದ ಅಗತ್ಯವನ್ನು ವಿವರಿಸಬೇಕಿಲ್ಲ. ರಾಜಧಾನಿಯ ಉರಿಬಿಸಿಲಿನಿಂದ ಪಾರಾಗಲು ಆದಿಲಶಾಹಿ ಅರಸರು ಇಲ್ಲಿಯ ವಿಶಾಲವಾದ ಕೆರೆಯ ಬಳಿ ವಿಹಾರಮಂಟಪಗಳನ್ನು ಕಟ್ಟಿಸಿದರು. ಇವುಗಳಲ್ಲಿ ಮುಖ್ಯವಾದುದು ಚೌಕಾಕಾರದ ಕೊಳದ ನಡುವೆ ನಿಂತ ಎರಡಂತಸ್ತಿನ ಮಂಟಪ. ದಂಡೆಯಿಂದ ಅದಕ್ಕೆ ಕಿರಿದಾದ ಕಲ್ಲಿನ ಕಾಲುದಾರಿಯೊಂದೇ ಆಸರೆ. ಗಾತ್ರದಲ್ಲಿ ಇದು ಅರಮನೆಗಿಂತ ಆಟದ ಮನೆಯೇ ಸರಿ. ಆದರೆ ಕಟ್ಟಿದವರ ಜಾಣ್ಮೆ ಅರಮನೆಗೆ ಒಪ್ಪುವಂಥದು.

ಆ ಜಾಣ್ಮೆಯಿರುವುದು ನೀರನ್ನು ಆಡಿಸಿದ ಬಗೆಯಲ್ಲಿ. ಕೆರೆಯ ನೀರನ್ನು ಎತ್ತರದ ತೊಟ್ಟಿಗಳಿಗೆ ಏರಿಸಿ, ಅಲ್ಲಿಂದ ಕೊಳವೆಗಳ ಮೂಲಕ ಕೆಳಗಿಳಿಸುತ್ತಿದ್ದರು. ಎತ್ತರದಿಂದ ಇಳಿದ ನೀರು ತನ್ನ ಒತ್ತಡದಿಂದಲೇ ಕಾರಂಜಿಯಾಗಿ ಚಿಮ್ಮುತ್ತಿತ್ತು. ಮಂಟಪದ ಛಾವಣಿಯ ರಂಧ್ರಗಳಿಂದ ತುಂತುರುಮಳೆಯಾಗಿ ಸುರಿಯುತ್ತಿತ್ತು. ಶಾಲೆಯಲ್ಲಿ ಓದುವ ಮಕ್ಕಳಿಗೆ ವಿಜ್ಞಾನದ ಈ ಪಾಠವನ್ನು ಇಲ್ಲಿ ಕಣ್ಣಾರೆ ತೋರಿಸಬಹುದು.

ಇನ್ನು ಚಿತ್ರಗಳ ಮಾತು. ಗಾರೆಯ ಗೋಡೆಗಳ ಮೇಲೆ ಕುದುರೆಯೇರಿ ಚೆಂಡಾಡುವವರು, ಮಲ್ಲರು, ಐರೋಪ್ಯ ಉಡುಪಿನ ಪುರುಷರು ಚಿತ್ರಿತರಾಗಿದ್ದಾರೆ. ದೂರದೇಶಗಳ ಜನರು ವಿಜಯಪುರದ ದರಬಾರಿಗೆ ಅಪರಿಚಿತರಾಗಿರಲಿಲ್ಲವೆಂಬುದಕ್ಕೆ ಇವು ಮೂಕಸಾಕ್ಷಿಗಳು. ಹೆನ್ರಿ ಕಸಿನ್ಸರು 1916ರಲ್ಲಿ ಪ್ರಕಟವಾದ ತಮ್ಮ ವಿಜಾಪುರದ ಕಟ್ಟಡಗಳ ಗ್ರಂಥದಲ್ಲಿ ಕುಮಟಗಿಗೂ ಸ್ಥಾನವಿತ್ತರು.

1686ರಲ್ಲಿ ಔರಂಗಜೇಬನ ಸೈನ್ಯಕ್ಕೆ ವಿಜಯಪುರ ಸೋತಿತು. ಅರಸೊತ್ತಿಗೆ ಅಳಿದರೂ ಕಲ್ಲು ಉಳಿಯಿತು. ಆದರೆ ಬಣ್ಣಕ್ಕೆ ಕಲ್ಲಿನ ಆಯುಷ್ಯವಿಲ್ಲ. ಈ ಚಿತ್ರಗಳು ಬಹುಮಟ್ಟಿಗೆ ಮಾಸಿಹೋಗಿವೆ. ಕೆಲವೆಡೆ ಗೆರೆಗಳನ್ನು ಹುಡುಕಿ ನೋಡಬೇಕು. ಬಿದ್ದ ಗೋಡೆಯನ್ನು ಮತ್ತೆ ಕಟ್ಟಬಹುದು; ಅಳಿಸಿದ ಮುಖವನ್ನು ಮತ್ತೆ ಬರೆಯಿಸಿದರೆ ಅದು ಆ ಕಾಲದ ಮುಖವಾಗದು.

ಆದುದರಿಂದ ಹೋಗುವವರು ಬುತ್ತಿಯೊಡನೆ ಸ್ವಲ್ಪ ಎಚ್ಚರವನ್ನೂ ಕಟ್ಟಿಕೊಂಡು ಹೋಗಲಿ. ಬೆಳಗಿನ ತಂಪಿನಲ್ಲಿ ಹೊರಟರೆ ಮಕ್ಕಳಿಗೆ ಆಯಾಸವಾಗದು. ರೊಟ್ಟಿಯ ಗಂಟನ್ನು ಮರದ ನೆರಳಿನಲ್ಲಿ ಬಿಚ್ಚಿರಿ. ಚಿತ್ರಗಳನ್ನು ಕಣ್ಣಿನಿಂದ ಮಾತ್ರ ಮುಟ್ಟಿರಿ. ಉಳಿದಿರುವಷ್ಟನ್ನು ನಮ್ಮ ಮೊಮ್ಮಕ್ಕಳೂ ನೋಡುವಂತಾಗಲಿ.