ಎರಡು ಚಿಪ್, ಒಂದೇ ಬ್ಯಾಟರಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದ ಓದಿಗೋ ಕೆಲಸಕ್ಕೋ ಬೆಂಗಳೂರಿಗೆ ಓಡಾಡುವವರ ಲ್ಯಾಪ್‌ಟಾಪ್‌ಗೆ ದಾರಿಯುದ್ದಕ್ಕೂ ಬ್ಯಾಟರಿಯೇ ಗತಿ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್‌ನೊಳಗಿನ ಮಿತವ್ಯಯದ ಗ್ರಾಫಿಕ್ಸ್ ಒಂದು, ಬಲಶಾಲಿಯಾದರೂ ವಿದ್ಯುತ್ ನುಂಗುವ ಪ್ರತ್ಯೇಕ ಚಿಪ್ ಇನ್ನೊಂದು. ಎರಡರ ನಡುವೆ ಕೆಲಸ ಹಂಚುವ ಆಪ್ಟಿಮಸ್ ತಂತ್ರವನ್ನು ಚಿಪ್ ತಯಾರಕ ಎನ್ವಿಡಿಯಾ 2010ರಲ್ಲೇ ತಂದಿತಾದರೂ ಲಿನಕ್ಸ್ ಬಳಕೆದಾರರಿಗೆ ಸರಿಯಾದ ಬೆಂಬಲ ಸಿಗದೆ, ಸ್ವಯಂಸೇವಕರು ಕಟ್ಟಿದ ಬಂಬಲ್‌ಬೀ ತಂತ್ರಾಂಶವೇ ವರ್ಷಗಟ್ಟಲೆ ಆಸರೆಯಾಯಿತು. 2019ರಲ್ಲಿ ಎನ್ವಿಡಿಯಾದ 435ನೇ ಸರಣಿಯ ಲಿನಕ್ಸ್ ಡ್ರೈವರ್ ಬಂದ ಮೇಲೆ ಚಿತ್ರ ಬದಲಾಯಿತು: ಪರದೆಯನ್ನು ಒಳಗಿನ ಚಿಪ್ಪೇ ನೋಡಿಕೊಳ್ಳುತ್ತದೆ, ನಾವು ಹೇಳಿದ ತಂತ್ರಾಂಶವಷ್ಟೇ ದೊಡ್ಡ ಚಿಪ್‌ಗೆ ಹೋಗುತ್ತದೆ.

ಆದ್ದರಿಂದ ಉಬುಂಟು ಲಿನಕ್ಸ್‌ನಲ್ಲಿ, ಯಾವ ಚಿಪ್ ಬಳಸಬೇಕೆಂದು ನಿರ್ಧರಿಸುವ ‘ಪ್ರೈಮ್-ಸೆಲೆಕ್ಟ್’ ಅನ್ನು ‘ಆನ್-ಡಿಮ್ಯಾಂಡ್’ಗೆ ಇಟ್ಟುಬಿಡುವುದೇ ಲೇಸು. ದೊಡ್ಡ ಚಿಪ್ ಪೂರ್ತಿ ಆರಿಸಿದರೆ ಇನ್ನೂ ಉಳಿತಾಯವಲ್ಲವೇ ಎನ್ನಬಹುದು. ಹಳೆಯ ಚಿಪ್‌ಗಳ ಮಟ್ಟಿಗೆ ಆ ಮಾತು ನಿಜ. ಎನ್ವಿಡಿಯಾದ ಟ್ಯೂರಿಂಗ್ ಪೀಳಿಗೆಯಿಂದೀಚಿನ ಚಿಪ್‌ಗಳು ಮಾತ್ರ, ಉಳಿದ ಯಂತ್ರಾಂಶವೂ ಒಪ್ಪಿದರೆ, ಕೆಲಸವಿಲ್ಲದಾಗ ತಾವಾಗಿ ನಿದ್ರೆಗೆ ಜಾರುತ್ತವೆ. ಪ್ರತಿ ಬಾರಿ ಪೂರ್ತಿ ಬದಲಿಸಹೊರಟರೆ ರೀಸ್ಟಾರ್ಟ್ ಕಾಟ ತಪ್ಪದು, ತೆರೆದಿಟ್ಟ ಕೆಲಸವನ್ನೆಲ್ಲ ಮುಚ್ಚಬೇಕು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಕಿಂಡಿಯ ತಂತಿ ನೇರ ದೊಡ್ಡ ಚಿಪ್‌ಗೇ ಹೋಗುವುದರಿಂದ, ಹೊರಗಿನ ಮಾನಿಟರ್ ಜೋಡಿಸಿದೊಡನೆ ಅದು ಎಚ್ಚರವಾಗಲೇಬೇಕು. ಆದರೆ ಮಾನಿಟರ್ ಇರುವ ಮೇಜಿನ ಬಳಿ ಸಾಮಾನ್ಯವಾಗಿ ಪ್ಲಗ್ ಕೂಡ ಇರುತ್ತದೆ.